ದಿನಾ ನಿಂಬೆನೀರು, ಕಿತ್ತಳೆ ರಸ: ಯಾರಿಗೆ ಎಷ್ಟು ಲಾಭ?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಎರಡು ವರ್ಷದಿಂದ ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲೇ ನಿಂತಿದೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯುತ್ತೇನೆ. ಬೊಜ್ಜು ಕರಗುತ್ತದೆ, ಮೈಯಲ್ಲಿನ ಆಮ್ಲ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಆರು ವರ್ಷದ ಮಗಳಿಗೆ ದಿನಾ ಒಂದು ಲೋಟ ಕಿತ್ತಳೆ ಜ್ಯೂಸ್ ಕೊಡುತ್ತೇನೆ. ನಮ್ಮ ಮನೆಯವರಿಗೆ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅವರು ಶೀತ ಬರಬಾರದೆಂದು ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ನುಂಗುತ್ತಾರೆ. ಅತ್ತೆಗೆ ಬಿಪಿ, ಕೊಲೆಸ್ಟ್ರಾಲ್, ಶುಗರ್ ಮೂರಕ್ಕೂ ಮಾತ್ರೆ ಇದೆ. ಶೀತವಾಗುತ್ತದೆ ಎಂದು ಅವರು ಕಿತ್ತಳೆ ಮುಟ್ಟುವುದಿಲ್ಲ. ಆದರೆ ಶುಗರ್‌ಗೆ ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ದಿನಾ ಚಕ್ಕೋತ ತಿನ್ನಲು ಶುರು ಮಾಡಿದ್ದಾರೆ. ಈ ಹುಳಿ ಹಣ್ಣುಗಳು ನಿಜಕ್ಕೂ ಅಷ್ಟು ಒಳ್ಳೆಯದಾ? ಯಾರು ಎಷ್ಟು ತಿನ್ನಬಹುದು?

ಉತ್ತರ: ಮೊದಲು ಅತ್ತೆಯವರ ಚಕ್ಕೋತದ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ತಡಮಾಡದೆ ನೋಡಬೇಕಾದದ್ದು ಅದು.

ಚಕ್ಕೋತ, ಗ್ರೇಪ್‌ಫ್ರೂಟ್, ಕಹಿ ಕಿತ್ತಳೆ ಈ ಮೂರರಲ್ಲಿ ಫ್ಯೂರಾನೋಕೂಮರಿನ್ ಎಂಬ ರಾಸಾಯನಿಕಗಳಿವೆ. (ಗ್ರೇಪ್‌ಫ್ರೂಟ್‌ಗೂ ದ್ರಾಕ್ಷಿಗೂ ಸಂಬಂಧವಿಲ್ಲ. ಅದು ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ ಹಣ್ಣು.) ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಒಂದು ಕಿಣ್ವ ಬಾಗಿಲ ಕಾವಲುಗಾರನ ಹಾಗೆ ಕೂತಿರುತ್ತದೆ. ನುಂಗಿದ ಮಾತ್ರೆಯ ಒಂದು ಪಾಲನ್ನು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ಅಷ್ಟು ಪಾಲು ಹಾಳಾಗುತ್ತದೆ ಎಂಬುದನ್ನು ಲೆಕ್ಕ ಹಿಡಿದೇ ಮಾತ್ರೆಯ ಪ್ರಮಾಣ ಗೊತ್ತು ಮಾಡಿರುತ್ತಾರೆ. ಫ್ಯೂರಾನೋಕೂಮರಿನ್ ಆ ಕಿಣ್ವವನ್ನು ಕೆಡಿಸಿಬಿಡುತ್ತದೆ. ಆಗ ಮಾತ್ರೆ ಒಂದೇ ಆದರೂ ರಕ್ತಕ್ಕೆ ಸೇರುವ ಔಷಧಿ ಜಾಸ್ತಿಯಾಗುತ್ತದೆ.

ಇದು ಗೊತ್ತಾದದ್ದು ಅಚಾನಕ್ಕಾಗಿ. ಕೆನಡಾದಲ್ಲಿ ಡೇವಿಡ್ ಬೇಲಿ ಮತ್ತು ಜೊತೆಗಾರರು ಫೆಲೋಡಿಪಿನ್ ಎಂಬ ಬಿಪಿ ಔಷಧಿಯ ಮೇಲೆ ಮದ್ಯ ಏನು ಪರಿಣಾಮ ಮಾಡುತ್ತದೆ ಎಂದು ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿಯ ಮಟ್ಟ ನಿರೀಕ್ಷೆಗಿಂತ ಎಷ್ಟೋ ಮೇಲೇರಿತು. ಕೊನೆಗೆ ನೋಡಿದರೆ ಕಾರಣ ಮದ್ಯವಲ್ಲ, ಹಣ್ಣಿನ ರಸ. 1989ರಲ್ಲಿ ವರದಿ ಬಂದ ಮೇಲೆ ಇಂಥ ಔಷಧಿಗಳ ಪಟ್ಟಿ ಬೆಳೆಯುತ್ತಲೇ ಹೋಯಿತು.

ಕೊಲೆಸ್ಟ್ರಾಲ್ ಮಾತ್ರೆಗಳ ಪೈಕಿ ಸಿಂವಾಸ್ಟಾಟಿನ್, ಲೋವಾಸ್ಟಾಟಿನ್ ಜೊತೆ ತೊಂದರೆ ಜಾಸ್ತಿ. ಅಟೋರ್ವಾಸ್ಟಾಟಿನ್ ಜೊತೆ ಸ್ವಲ್ಪ ಕಡಿಮೆ. ರೋಸುವಾಸ್ಟಾಟಿನ್, ಪ್ರಾವಾಸ್ಟಾಟಿನ್ ಆದರೆ ಚಿಂತೆಯಿಲ್ಲ. ಬಿಪಿ ಮಾತ್ರೆಗಳಲ್ಲಿ ಫೆಲೋಡಿಪಿನ್, ನಿಫೆಡಿಪಿನ್ ನೋಡಿಕೊಳ್ಳಬೇಕು. ಅಂಗಾಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕೂಡ ಇದೇ ಸಾಲಿಗೆ ಸೇರುತ್ತವೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಹೊತ್ತು ಬದಲಿಸಿದರೆ ಸಾಲದು. ಕೆಟ್ಟುಹೋದ ಕಿಣ್ವದ ಜಾಗಕ್ಕೆ ಹೊಸದು ಬರಲು ಒಂದು ದಿನಕ್ಕಿಂತ ಜಾಸ್ತಿ, ಕೆಲವೊಮ್ಮೆ ಮೂರು ದಿನ ಬೇಕು. ಅತ್ತೆಯವರ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೋ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೋ ತೋರಿಸಿ ಕೇಳುವವರೆಗೆ ಚಕ್ಕೋತ ನಿಲ್ಲಿಸಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಕೊಲೆಸ್ಟ್ರಾಲ್ ಔಷಧಿ ರಕ್ತದಲ್ಲಿ ಜಾಸ್ತಿಯಾದರೆ ಮಾಂಸಖಂಡಕ್ಕೆ ಪೆಟ್ಟಾಗಬಹುದು. ಕಾರಣವಿಲ್ಲದೆ ಮಾಂಸಖಂಡ ನೋಯುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ಡಾಕ್ಟರನ್ನು ನೋಡಿ.

ತಮಾಷೆ ಏನೆಂದರೆ, ಅವರು ಹೆದರಿ ದೂರ ಇಟ್ಟಿರುವ ಸಾಧಾರಣ ಸಿಹಿ ಕಿತ್ತಳೆಗೆ ಈ ಕಿಣ್ವ ಕೆಡಿಸುವ ತೊಂದರೆ ಇಲ್ಲ. ಶುಗರ್ ಇರುವವರೂ ಒಂದು ಕಿತ್ತಳೆ ತಿನ್ನಬಹುದು. 100 ಗ್ರಾಂ ಕಿತ್ತಳೆಯಲ್ಲಿ ಸಕ್ಕರೆ 9 ಗ್ರಾಂ ಆಸುಪಾಸು ಇರುತ್ತದೆ, ಜೊತೆಗೆ ಎರಡು ಗ್ರಾಂ ಮೀರಿದ ನಾರೂ ಇರುವುದರಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಊಟದ ಮೇಲೆ ಸಿಹಿ ತಿನ್ನುವ ಬದಲು ತಿಂದರೆ ಲಾಭವೇ. ರಸ ಮಾತ್ರ ಬೇಡ. ಅದು ಯಾಕೆ ಎಂದು ಮಗಳ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಇನ್ನೊಂದು ಮಾತು. ಅವರ ಕಿಡ್ನಿ ದುರ್ಬಲವಾಗಿದ್ದರೆ ಹಣ್ಣುಗಳ ಪೊಟ್ಯಾಶಿಯಂ ಲೆಕ್ಕ ಇಡಬೇಕಾಗುತ್ತದೆ. ಕೆಲವು ಬಿಪಿ ಮಾತ್ರೆಗಳೂ ರಕ್ತದ ಪೊಟ್ಯಾಶಿಯಂ ಏರಿಸುತ್ತವೆ. ಕಿಡ್ನಿ ಚೆನ್ನಾಗಿರುವವರಿಗೆ ಇದೇ ಪೊಟ್ಯಾಶಿಯಂ ಬಿಪಿ ಹತೋಟಿಗೆ ಅನುಕೂಲ.

ಈಗ ಹಣ್ಣಿನ ವಿಚಾರ. ಒಂದು ಕಿತ್ತಳೆ ಕೈಗೆ ತೆಗೆದುಕೊಂಡು ಸುಲಿಯುತ್ತಾ ಹೋಗಿ. ಉಗುರು ತಾಗಿದ ಕೂಡಲೇ ಸಿಪ್ಪೆಯಿಂದ ಚಿಮ್ಮಿ ಕಣ್ಣು ಉರಿಸುವುದು ಎಣ್ಣೆ. ಅದರಲ್ಲಿ ಬಹುಪಾಲು ಲಿಮೊನೀನ್. ಪರಿಮಳ ಅದರದ್ದು, ಪೋಷಣೆ ಲೆಕ್ಕದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಅದರ ಕೆಳಗೆ ಸ್ಪಂಜಿನಂಥ ಬಿಳಿ ಪದರ. ಮಕ್ಕಳು ಒಂದೊಂದೇ ಎಳೆ ಕಿತ್ತು ಬಿಸಾಡುವ ಭಾಗ ಇದೇ. ಪೆಕ್ಟಿನ್ ಎಂಬ ಕರಗುವ ನಾರು ಮತ್ತು ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಇಲ್ಲಿ ಮತ್ತು ತೊಳೆಯ ತೆಳು ಪೊರೆಯಲ್ಲಿ ಜಾಸ್ತಿ. ಪೆಕ್ಟಿನ್ ಕರುಳಿನಲ್ಲಿ ಅಂಟಾಗಿ ಸಕ್ಕರೆ ಹೀರುವುದನ್ನು ನಿಧಾನ ಮಾಡುತ್ತದೆ, ಕೊಲೆಸ್ಟ್ರಾಲನ್ನು ಸ್ವಲ್ಪ ಇಳಿಸುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಆಗುತ್ತದೆ. ಆ ಬಿಳಿ ಎಳೆಗಳನ್ನು ಅಷ್ಟು ಶ್ರದ್ಧೆಯಿಂದ ಬಿಡಿಸಬೇಡಿ. ಕಹಿ ಎನಿಸದಷ್ಟು ಇರಲಿ ಬಿಡಿ. ತೊಳೆ ಬಿಡಿಸಿದರೆ ಒಳಗೆ ಸಣ್ಣ ಸಣ್ಣ ರಸದ ಚೀಲಗಳು. ವಿಟಮಿನ್ ಸಿ, ಫೋಲೇಟ್, ಪೊಟ್ಯಾಶಿಯಂ, ಸಿಟ್ರಿಕ್ ಆಮ್ಲ, ಸಕ್ಕರೆ ಎಲ್ಲ ಈ ರಸದಲ್ಲಿವೆ.

ಮಧ್ಯಮ ಗಾತ್ರದ ಒಂದು ಕಿತ್ತಳೆಯಲ್ಲಿ ಸುಮಾರು 60 ಕ್ಯಾಲರಿ, 3 ಗ್ರಾಂ ನಾರು, 70 ಮಿಲಿಗ್ರಾಂ ವಿಟಮಿನ್ ಸಿ ಸಿಗುತ್ತದೆ. ಭಾರತ, ಅಮೆರಿಕದ ಶಿಫಾರಸು ನೋಡಿದರೆ ದೊಡ್ಡವರಿಗೆ ದಿನಕ್ಕೆ 65ರಿಂದ 90 ಮಿಲಿಗ್ರಾಂ ಸಾಕು. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಸುಮಾರು 35 ಮಿಲಿಗ್ರಾಂ ಜಾಸ್ತಿ ಬೇಕು. ಅಂದರೆ ಒಂದು ಕಿತ್ತಳೆಗೇ ದಿನದ ಪಾಲು ಬಹುಮಟ್ಟಿಗೆ ಮುಗಿಯಿತು. 100 ಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ಚಕ್ಕೋತದಲ್ಲಿ 61, ಕಿತ್ತಳೆಯಲ್ಲಿ 53, ನಿಂಬೆ ರಸದಲ್ಲಿ 39, ಸಿಪ್ಪೆ ಸಡಿಲವಿರುವ ಸಣ್ಣ ಮ್ಯಾಂಡರಿನ್‌ನಲ್ಲಿ 27 ಮಿಲಿಗ್ರಾಂ ಇರುತ್ತದೆ. ತಳಿ, ಹಣ್ಣಾದ ಹದ ನೋಡಿಕೊಂಡು ಆಚೆ ಈಚೆ ಆಗುತ್ತದೆ. ಹುಳಿ ಜಾಸ್ತಿ ಇದ್ದರೆ ವಿಟಮಿನ್ ಸಿ ಜಾಸ್ತಿ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹುಳಿಗೆ ಕಾರಣ ಸಿಟ್ರಿಕ್ ಆಮ್ಲ, ಅದು ಬೇರೆ, ವಿಟಮಿನ್ ಸಿ ಬೇರೆ. ಹುಳಿಯೇ ಇಲ್ಲದ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ದಾಟುತ್ತದೆ.

ಈ ಗೊಂದಲಕ್ಕೆ ಹಿಂದೆ ಜನ ದೊಡ್ಡ ಬೆಲೆ ತೆತ್ತಿದ್ದಾರೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಸ್ಕರ್ವಿ ಎಂದರೆ ವಿಟಮಿನ್ ಸಿ ಇಲ್ಲದೆ ಒಸಡು ಊದಿ ರಕ್ತ ಸೋರುವುದು, ಹಲ್ಲು ಸಡಿಲವಾಗುವುದು, ಮಾಸಿದ ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುವುದು. ಒಂದು ಜೋಡಿಗೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದು ಜೋಡಿಗೆ ಒಂದೊಂದು ಕೊಟ್ಟರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಮಾತ್ರ ಬೇಗ ಎದ್ದು ಕೂತಿತು. ಹಣ್ಣು ಆರೇ ದಿನಕ್ಕೆ ಖಾಲಿಯಾಗಿತ್ತು. ಆದರೂ ಅಷ್ಟರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಸುಧಾರಿಸಿದ್ದ. ಇಷ್ಟು ಕಣ್ಣಾರೆ ಕಂಡ ಲಿಂಡ್, ದೂರದ ಪ್ರಯಾಣಕ್ಕೆ ಕೆಡದಂತೆ ಇಡಲು ರಸವನ್ನು ಕಾಯಿಸಿ ಗಟ್ಟಿ ಮಾಡಲು ಹೇಳಿದರು. ಕಾಯಿಸಿ ಕಾಯಿಸಿ ವಿಟಮಿನ್ ಸಿ ಬಹುಪಾಲು ಹೋಯಿತು! ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆ ರಸ ಕೊಡುವ ಆದೇಶ ಮಾಡಿದ್ದು 1795ರಲ್ಲಿ. ಸ್ಕರ್ವಿ ಹೆಚ್ಚುಕಡಿಮೆ ಮಾಯವಾಯಿತು. ಮುಂದೆ 19ನೇ ಶತಮಾನದ ನಡುವೆ ದೊಡ್ಡ ಹಳದಿ ನಿಂಬೆಯ ಬದಲು ಸಣ್ಣ ಹಸಿರು ಲೈಮ್ ಬಳಕೆಗೆ ಬಂತು. ಇನ್ನೂ ಹುಳಿ, ಇನ್ನೂ ಒಳ್ಳೆಯದು ಎಂದುಕೊಂಡರು. ಲೈಮ್‌ನಲ್ಲಿ ವಿಟಮಿನ್ ಸಿ ಕಡಿಮೆ. ಮೇಲಾಗಿ ಆ ರಸ ತಾಮ್ರದ ಕೊಳವೆಗಳಲ್ಲಿ ಹರಿದು, ಗಾಳಿ ಬೆಳಕಿಗೆ ಸಿಕ್ಕಿ, ಹಳತಾಗಿ ಹಡಗು ಸೇರುತ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಬ್ರಿಟಿಷ್ ತಂಡಕ್ಕೆ ಲೈಮ್ ರಸ ಜೊತೆಯಲ್ಲಿದ್ದರೂ ಸ್ಕರ್ವಿ ಅಮರಿಕೊಂಡಿತು. ನಿಂಬೆ ರಸದ ಮೇಲಿನ ನಂಬಿಕೆಯೇ ಕುಸಿದುಹೋಯಿತು.

ಅಸಲು ವಸ್ತು ಕೈಗೆ ಸಿಕ್ಕಿದ್ದು 1928ರಲ್ಲಿ. ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯಾರ್ಜಿ ಅದನ್ನು ಬೇರ್ಪಡಿಸಿದರು. 1937ರಲ್ಲಿ ನೊಬೆಲ್ ಬಂತು. ಪ್ರಯೋಗಕ್ಕೆ ಬೇಕಾದಷ್ಟು ವಿಟಮಿನ್ ಸಿ ಅವರಿಗೆ ಕೊನೆಗೆ ಧಾರಾಳವಾಗಿ ಸಿಕ್ಕಿದ್ದು ಕಿತ್ತಳೆಯಿಂದಲ್ಲ, ಕೆಂಪು ಪ್ಯಾಪ್ರಿಕಾ ಮೆಣಸಿನಿಂದ.

ಬೆಕ್ಕು, ನಾಯಿ, ಆಡು ಎಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ನಮಗೆ ಆ ಶಕ್ತಿ ಇಲ್ಲ. ಅದಕ್ಕೆ ಬೇಕಾದ ಒಂದು ಜೀನ್ ನಮ್ಮಲ್ಲಿ ಕೆಟ್ಟು ಕೂತಿದೆ. ಮಂಗಗಳದ್ದೂ ಗಿನಿಯಿಲಿಗಳದ್ದೂ ಇದೇ ಕಥೆ. ದಾಸ್ತಾನು ಇಡಲೂ ಆಗುವುದಿಲ್ಲ. ಮೈಯಲ್ಲಿರುವ ಒಟ್ಟು ವಿಟಮಿನ್ ಸಿ ಒಂದೂವರೆ ಗ್ರಾಂ ಆಸುಪಾಸು. ಪೂರ್ತಿ ನಿಲ್ಲಿಸಿದರೆ ಒಂದರಿಂದ ಮೂರು ತಿಂಗಳಲ್ಲಿ ಸ್ಕರ್ವಿ ಕಾಣಿಸುತ್ತದೆ. ಚರ್ಮ, ರಕ್ತನಾಳ, ಒಸಡು, ಮೂಳೆ ಎಲ್ಲವನ್ನೂ ಹಿಡಿದಿಡುವ ಕೊಲಾಜನ್ ಗಟ್ಟಿಯಾಗಿ ಹೆಣೆದುಕೊಳ್ಳಲು ಇದು ಬೇಕೇ ಬೇಕು. ಹಾಗಾಗಿ ವಾರಕ್ಕೊಮ್ಮೆ ಅರ್ಧ ಡಜನ್ ತಿನ್ನುವುದಕ್ಕಿಂತ ದಿನಕ್ಕೊಂದು ತಿನ್ನುವುದು ಮೇಲು.

ಶೀತದ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಎರಡು ಪಕ್ಷ ಇದೆ. ಅತ್ತೆ ಹುಳಿ ಹಣ್ಣಿನಿಂದ ಶೀತ ಬರುತ್ತದೆ ಎನ್ನುತ್ತಾರೆ, ಅವರ ಮಗ ವಿಟಮಿನ್ ಸಿ ನುಂಗಿದರೆ ಬರುವುದಿಲ್ಲ ಎನ್ನುತ್ತಾರೆ. ಇಬ್ಬರೂ ಪೂರ್ತಿ ಸರಿಯಲ್ಲ. ಶೀತ ಬರುವುದು ವೈರಸ್‌ನಿಂದ. ಕಿತ್ತಳೆ ತಿಂದರೆ ವೈರಸ್ ಹುಟ್ಟುವುದಿಲ್ಲ. ಗಂಟಲು ಆಗಲೇ ಕೆರೆಯುತ್ತಿದ್ದರೆ ಹುಳಿ ತಾಗಿ ಉರಿಯುತ್ತದೆ, ಕೆಮ್ಮು ಬರುತ್ತದೆ. ಹುಳಿತೇಗು ಇರುವವರಿಗೂ ಹುಳಿ ಹಣ್ಣು ತಿಂದ ಮೇಲೆ ಗಂಟಲು ಕಟ್ಟಿದಂತಾಗುತ್ತದೆ. ಅದನ್ನೇ ಶೀತ ಎಂದುಕೊಳ್ಳುವುದು ಸಹಜ ಅಲ್ವಾ?

ಮಾತ್ರೆಯ ಕಡೆಗೆ ಬಂದರೆ, 1970ರಲ್ಲಿ ಲೈನಸ್ ಪಾಲಿಂಗ್ ಎಂಬ ಎರಡು ನೊಬೆಲ್ ಪಡೆದ ವಿಜ್ಞಾನಿ ದೊಡ್ಡ ಪ್ರಮಾಣದ ವಿಟಮಿನ್ ಸಿ ಶೀತವನ್ನು ತಡೆಯುತ್ತದೆ ಎಂದು ಪುಸ್ತಕವನ್ನೇ ಬರೆದರು. ಜನ ಮುಗಿಬಿದ್ದರು. ನಂತರ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ವಿಮರ್ಶೆ 2013ರಲ್ಲಿ ಬಂತು. ದಿನಾ 200 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೂ ಸಾಮಾನ್ಯ ಜನರಿಗೆ ಶೀತ ಬರುವುದು ಕಡಿಮೆಯಾಗಲಿಲ್ಲ. ಬಂದ ಶೀತದ ಅವಧಿ ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ ಶೇಕಡಾ 14ರಷ್ಟು ಇಳಿಯಿತು. ಏಳು ದಿನದ ಶೀತದಲ್ಲಿ ಅರ್ಧ ದಿನ ಉಳಿತಾಯ ಎನ್ನಿ. ಶೀತ ಶುರುವಾದ ಮೇಲೆ ತೆಗೆದುಕೊಂಡವರಿಗೆ ಖಚಿತವಾದ ಲಾಭ ಕಾಣಲಿಲ್ಲ. ಮ್ಯಾರಥಾನ್ ಓಡುವವರು, ಹಿಮದಲ್ಲಿ ಸ್ಕೀ ಮಾಡುವವರು, ಕೊರೆಯುವ ಚಳಿಯಲ್ಲಿ ತರಬೇತಿ ಮಾಡುವ ಸೈನಿಕರು ಇಂಥವರಲ್ಲಿ ಮಾತ್ರ ಶೀತ ಅರ್ಧದಷ್ಟು ಕಡಿಮೆಯಾಯಿತು. ನಿಮ್ಮ ಮನೆಯವರು ಆ ಪೈಕಿ ಅಲ್ಲ ಎಂದುಕೊಂಡಿದ್ದೇನೆ.

ಅವರು ಆ 1000 ಮಿಲಿಗ್ರಾಂ ಮಾತ್ರೆ ಬಿಡುವುದು ಒಳ್ಳೆಯದು. ಶೀತಕ್ಕೆ ಲಾಭವಿಲ್ಲ ಎಂಬುದೊಂದೇ ಕಾರಣವಲ್ಲ, ಅವರಿಗೆ ಕಲ್ಲಿನ ಇತಿಹಾಸವಿದೆ. ಹಣ್ಣಿನ ಮಟ್ಟದಲ್ಲಿ ತಿಂದಾಗ ವಿಟಮಿನ್ ಸಿಯ ಬಹುಪಾಲನ್ನು ಕರುಳು ಹೀರಿಕೊಳ್ಳುತ್ತದೆ. ಒಂದೇ ಸಲ ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ ಒಳಗೆ ಹೋಗುತ್ತದೆ. ಒಳಗೆ ಹೋದದ್ದರಲ್ಲೂ ಹೆಚ್ಚಾದದ್ದು ಮೂತ್ರಕ್ಕೆ ಹೋಗುತ್ತದೆ, ಸ್ವಲ್ಪ ಆಕ್ಸಲೇಟ್ ಆಗಿ ಬದಲಾಗುತ್ತದೆ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಸ್ವೀಡನ್ನಿನ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಪ್ರಮಾಣದ ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಕಲ್ಲಾಗುವ ಸಂಭವ ಸುಮಾರು ಎರಡು ಪಟ್ಟು ಇತ್ತು.

ಇದೇ ಮನುಷ್ಯನಿಗೆ ಹಣ್ಣು ಮಾತ್ರ ಅನುಕೂಲವೇ. ಸಿಟ್ರಸ್ (ನಿಂಬೆ, ಕಿತ್ತಳೆ ಜಾತಿಯ) ಹಣ್ಣುಗಳ ಗುಣಗಳ ಪೈಕಿ ನನಗೆ ತುಂಬಾ ಮೆಚ್ಚುಗೆಯಾದದ್ದು ಇದು, ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಹಣ್ಣಿನಲ್ಲಿರುವ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಇನ್ನೊಂದು ರೂಪ) ಮೂತ್ರಕ್ಕೆ ಸೇರಿದಾಗ ಅಲ್ಲಿನ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಜೊತೆ ಸೇರಿ ಹರಳುಗಟ್ಟುವುದು ಕಡಿಮೆಯಾಗುತ್ತದೆ. ಈ ಕೆಲಸದಲ್ಲಿ ನಿಂಬೆಗಿಂತ ಕಿತ್ತಳೆ ಮುಂದು. ಕಿತ್ತಳೆಯ ಸಿಟ್ರೇಟ್ ಹೆಚ್ಚಾಗಿ ಪೊಟ್ಯಾಶಿಯಂ ಜೊತೆ ಇರುವುದರಿಂದ ಮೂತ್ರದ ಆಮ್ಲೀಯತೆಯನ್ನೂ ಇಳಿಸುತ್ತದೆ. ನಿಂಬೆಯಲ್ಲಿ ಅದು ಬರೀ ಆಮ್ಲದ ರೂಪದಲ್ಲಿದೆ. ಆದರೂ ನಿಂಬೆ ಹಿಂಡಿದ ಸಕ್ಕರೆಯಿಲ್ಲದ ನೀರು ದಿನವಿಡೀ ಕುಡಿದರೆ ನೀರೂ ಹೊಟ್ಟೆಗೆ ಹೋಗುತ್ತದೆ, ಸಿಟ್ರೇಟೂ ಸಿಗುತ್ತದೆ. ಮೂತ್ರ ದಿನಕ್ಕೆ ಎರಡೂವರೆ ಲೀಟರ್ ಹೋಗುವಷ್ಟು ನೀರು ಕುಡಿಯಬೇಕು. ಕಲ್ಲು ಮತ್ತೆ ಬಾರದಿರಲು ಮೊದಲ ಉಪಾಯ ಅದು, ಹಣ್ಣು ಅದರ ನಂತರ. ಎಲ್ಲ ಕಲ್ಲೂ ಒಂದೇ ಜಾತಿಯಲ್ಲ. ಅವರದ್ದು ಯಾವುದು ಎಂದು ಹಳೆಯ ರಿಪೋರ್ಟ್‌ನಲ್ಲಿದ್ದರೆ ಡಾಕ್ಟರಿಗೆ ತೋರಿಸಿ.

ಮಗಳ ಜ್ಯೂಸ್. ಒಂದು ಲೋಟ, ಅಂದರೆ 200 ಮಿಲಿಲೀಟರ್ ರಸಕ್ಕೆ ಎರಡು ಮೂರು ಕಿತ್ತಳೆ ಬೇಕು. ಅಷ್ಟು ಹಣ್ಣನ್ನು ಆರು ವರ್ಷದ ಮಗು ಕೂತು ತಿನ್ನುತ್ತದೆಯೇ? ಒಂದು ಮುಗಿಸುವಷ್ಟರಲ್ಲಿ ಸಾಕು ಎನ್ನುತ್ತದೆ. ರಸವಾದರೆ ಎರಡು ನಿಮಿಷಕ್ಕೆ ಲೋಟ ಖಾಲಿ, 16 ಗ್ರಾಂನಷ್ಟು ಸಕ್ಕರೆ ಹೊಟ್ಟೆಗೆ. ಅಂದರೆ ನಾಲ್ಕು ಟೀ ಚಮಚ. ನಾರು ಜರಡಿಯಲ್ಲೇ ಉಳಿಯಿತು. ಹೊಟ್ಟೆ ತುಂಬಿದ ಭಾವನೆಯೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನು ಡಬ್ಬಿಯ ಸಕ್ಕರೆ, ಜೇನುತುಪ್ಪದ ಜೊತೆಯಲ್ಲೇ ಲೆಕ್ಕ ಹಿಡಿಯುವುದು ಇದಕ್ಕೇ. ಇಡೀ ಹಣ್ಣಿನಲ್ಲಿರುವ ಸಕ್ಕರೆಗೆ ಆ ಲೆಕ್ಕ ಇಲ್ಲ. ಮಕ್ಕಳ ವೈದ್ಯರ ಅಮೆರಿಕನ್ ಅಕಾಡೆಮಿ 2017ರಲ್ಲಿ, ಒಂದು ವರ್ಷದೊಳಗಿನ ಮಕ್ಕಳಿಗೆ ರಸ ಬೇಡವೇ ಬೇಡ, ನಾಲ್ಕರಿಂದ ಆರು ವರ್ಷದವರಿಗೆ ಕೊಟ್ಟರೂ 120ರಿಂದ 180 ಮಿಲಿಲೀಟರ್ ದಾಟಬಾರದು ಎಂದಿತು. ನಾನಾದರೆ ದಿನದ ರಸವನ್ನು ನಿಲ್ಲಿಸಿ ತೊಳೆ ಬಿಡಿಸಿಕೊಡುತ್ತೇನೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಒಂದು ಲೋಟ ಕುಡಿದರೆ ಏನೂ ಆಗದು. ಪೊಟ್ಟಣದ ‘ಕಿತ್ತಳೆ ಪಾನೀಯ’ವನ್ನು ಮಾತ್ರ ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ. ಹಿಂದಿನ ಚೀಟಿ ಓದಿ. ಎಷ್ಟೋ ಸಲ ನೀರು, ಸಕ್ಕರೆ, ಬಣ್ಣದ ನಂತರ ಎಲ್ಲೋ ಹಣ್ಣಿನ ಹೆಸರಿರುತ್ತದೆ.

ಈಗ ನಿಮ್ಮ ಬೆಳಗಿನ ಲೋಟ. ನಿಂಬೆನೀರಿಗೆ ಬೊಜ್ಜು ಕರಗಿಸುವ ಶಕ್ತಿ ಇಲ್ಲ. ಸಕ್ಕರೆ ಹಾಕಿದ ಪಾನೀಯದ ಬದಲು ಅದನ್ನು ಕುಡಿದರೆ ಅಷ್ಟು ಕ್ಯಾಲರಿ ತಪ್ಪುತ್ತದೆ, ತೂಕಕ್ಕೆ ಆಗುವ ಲಾಭ ಅಷ್ಟೇ. ಜೇನುತುಪ್ಪ ಸುರಿದುಕೊಂಡರೆ ಆ ಲಾಭವೂ ಹೋಯಿತು. ಮೈಯ ಆಮ್ಲ ತೆಗೆಯುತ್ತದೆ ಎಂಬುದೂ ಸುಮ್ನೆ ಮಾತು. ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) 7.35ರಿಂದ 7.45ರ ಒಳಗೇ ಇರುವಂತೆ ಶ್ವಾಸಕೋಶ ಮತ್ತು ಕಿಡ್ನಿ ನೋಡಿಕೊಳ್ಳುತ್ತವೆ. ನೀವು ಏನು ಕುಡಿದರೂ ಅದು ಜಗ್ಗುವುದಿಲ್ಲ. ಆಹಾರದಿಂದ ಬದಲಾಗುವುದು ಮೂತ್ರದ ಪಿಎಚ್ ಮಾತ್ರ. ಕಲ್ಲಿನ ವಿಷಯದಲ್ಲಿ ಅದರ ಪ್ರಯೋಜನ ಮೇಲೆ ಹೇಳಿದೆ. ಬಿಸಿನೀರಿನಿಂದ ವಿಟಮಿನ್ ಹಾಳಾಗುತ್ತದೆಯೇ ಎಂದು ತುಂಬಾ ಜನ ಕೇಳುತ್ತಾರೆ. ಕುಡಿಯುವ ಹದದ ಬಿಸಿಯಲ್ಲಿ, ಕೆಲವೇ ನಿಮಿಷದಲ್ಲಿ, ಹೇಳಿಕೊಳ್ಳುವಷ್ಟು ಹೋಗುವುದಿಲ್ಲ. ಕುದಿಸಿದರೆ ಹೋಗುತ್ತದೆ. ಅಡುಗೆಗೆ ನಿಂಬೆ ಹಿಂಡುವುದಿದ್ದರೆ ಒಲೆ ಆರಿಸಿದ ಮೇಲೆ ಹಿಂಡಿ.

ನನಗೆ ಚಿಂತೆ ನಿಮ್ಮ ಹಲ್ಲಿನದು. ನಿಂಬೆ ರಸದ ಪಿಎಚ್ ಎರಡರಿಂದ ಎರಡೂವರೆ. 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಲು ಶುರು. ನೀರು ಬೆರೆಸಿದರೂ ಹುಳಿ ಹುಳಿಯೇ. ದಿನಾ ಬೆಳಿಗ್ಗೆ ಗುಟುಕು ಗುಟುಕಾಗಿ ಬಾಯಲ್ಲಿ ಆಡಿಸುತ್ತಾ ಕುಡಿದು, ಆ ಕೂಡಲೇ ಬ್ರಷ್ ಹಿಡಿದರೆ ಮೆತ್ತಗಾದ ಎನಾಮಲ್ ಉಜ್ಜಿ ಹೋಗುತ್ತದೆ. ಅದು ಮತ್ತೆ ಬೆಳೆಯುವಂಥದ್ದಲ್ಲ. ತಣ್ಣಗಿನದು ಸಿಹಿಯಾದದ್ದು ತಾಗಿದರೆ ಹಲ್ಲು ಜುಮ್ಮೆನ್ನುವುದು, ಹಲ್ಲಿನ ಅಂಚು ಗಾಜಿನಂತೆ ಪಾರದರ್ಶಕವಾಗುವುದು, ಬಣ್ಣ ಹಳದಿಗೆ ತಿರುಗುವುದು ಇದರ ಲಕ್ಷಣ. ಕನ್ನಡಿ ಮುಂದೆ ನಿಂತು ಮುಂದಿನ ಹಲ್ಲುಗಳ ಅಂಚು ನೋಡಿಕೊಳ್ಳಿ. ಕುಡಿಯಲೇಬೇಕೆಂದರೆ ಮೊದಲು ಹಲ್ಲುಜ್ಜಿ, ಆಮೇಲೆ ತೆಳ್ಳಗೆ ಮಾಡಿಕೊಂಡು ಕುಡಿದು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಎದೆಯುರಿ ಇದ್ದರೆ ಖಾಲಿ ಹೊಟ್ಟೆಗೆ ಬೇಡವೇ ಬೇಡ.

ಕುಡಿದು ಉಳಿದ ಹೋಳನ್ನು ಮುಖಕ್ಕೆ ಉಜ್ಜುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ನಿಂಬೆ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬರಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಅಲ್ಲೂ ಅದೇ ಫ್ಯೂರಾನೋಕೂಮರಿನ್ ಕಾಟ.

ಹೃದಯ, ಪಾರ್ಶ್ವವಾಯು, ಕ್ಯಾನ್ಸರ್ ಎಂದೆಲ್ಲ ಬರುವ ಸುದ್ದಿಗಳ ಬಗ್ಗೆ ಎರಡೇ ಮಾತು. 2012ರಲ್ಲಿ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನವೊಂದರಲ್ಲಿ, ಸಿಟ್ರಸ್ ಹಣ್ಣಿನ ಫ್ಲೇವನೋನ್‌ಗಳನ್ನು (ಹೆಸ್ಪೆರಿಡಿನ್ ಇದೇ ಗುಂಪಿನದು) ಹೆಚ್ಚು ತಿನ್ನುತ್ತಿದ್ದ ಹೆಂಗಸರಲ್ಲಿ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯು ಶೇಕಡಾ 19ರಷ್ಟು ಕಡಿಮೆ ಕಂಡಿತು. ಆಸೆ ಹುಟ್ಟಿಸುವ ಮಾತೇ. ಆದರೆ ಹಣ್ಣು ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ನಡಿಗೆ ಮಾಡುತ್ತಾರೆ, ಸಿಗರೇಟು ಸೇದುವುದು ಕಡಿಮೆ. ಲಾಭದಲ್ಲಿ ಹಣ್ಣಿನ ಪಾಲೆಷ್ಟು ಎಂದು ಇಂಥ ಅಧ್ಯಯನಗಳಲ್ಲಿ ಬಿಡಿಸಿ ಹೇಳುವುದು ಕಷ್ಟ.

ಕೊನೆಗೆ ನಿಮ್ಮ ಹಿಮೋಗ್ಲೋಬಿನ್. ವಿಟಮಿನ್ ಸಿಯ ಬೆಲೆ ನಿಮಗೆ ನಿಜವಾಗಿ ಗೊತ್ತಾಗುವುದು ಇಲ್ಲಿ. ಬೇಳೆ, ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭಕ್ಕೆ ಹೀರುವುದಿಲ್ಲ. ವಿಟಮಿನ್ ಸಿ ಅದನ್ನು ಹೀರಬಲ್ಲ ರೂಪಕ್ಕೆ ತಿರುಗಿಸುತ್ತದೆ, ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಕಟ್ಟಿಹಾಕದಂತೆಯೂ ನೋಡಿಕೊಳ್ಳುತ್ತದೆ. ಒಂದು ಊಟದ ಮಟ್ಟಿಗೆ ಅಳೆದು ನೋಡಿದಾಗ ಹೀರುವಿಕೆ ಎರಡು ಮೂರು ಪಟ್ಟು ಏರಿದ್ದುಂಟು. ಷರತ್ತು ಒಂದೇ. ಎರಡೂ ಒಂದೇ ಹೊತ್ತಿಗೆ ಹೊಟ್ಟೆಯಲ್ಲಿರಬೇಕು. ಬೆಳಿಗ್ಗೆ ಆರಕ್ಕೆ ಕುಡಿದ ನಿಂಬೆನೀರು ಮಧ್ಯಾಹ್ನದ ಊಟದ ಕಬ್ಬಿಣಕ್ಕೆ ಉಪಯೋಗಕ್ಕೆ ಬಾರದು. ಅದೇ ನಿಂಬೆಯನ್ನು ಊಟದ ತಟ್ಟೆಗೆ ಹಿಂಡಿಕೊಳ್ಳಿ. ಅರ್ಧ ಹೋಳಿನಿಂದ ಸಿಗುವುದು ಹತ್ತು ಮಿಲಿಗ್ರಾಂ ಒಳಗೆ, ಹಾಗಾಗಿ ಊಟದ ಜೊತೆಯಲ್ಲೇ ಒಂದು ಕಿತ್ತಳೆಯನ್ನೂ ತಿನ್ನಿ. ಕಾಫಿ, ಟೀ ಊಟದಿಂದ ಒಂದು ಗಂಟೆಯಾದರೂ ದೂರ ಇರಲಿ, ಅವು ಇದೇ ಕಬ್ಬಿಣವನ್ನು ತಡೆಯುತ್ತವೆ.

ಕಬ್ಬಿಣದ ಮಾತ್ರೆಯನ್ನು ನಿಂಬೆ ರಸದ ಜೊತೆಯೇ ನುಂಗಬೇಕು ಎಂಬ ಒತ್ತಾಯ ಮಾತ್ರ ಬೇಕಿಲ್ಲ. ಮಾತ್ರೆಯಲ್ಲಿ ಕಬ್ಬಿಣ ಧಾರಾಳವಾಗಿರುತ್ತದೆ, ಹೀರಲು ಸುಲಭವಾದ ರೂಪದಲ್ಲೇ ಇರುತ್ತದೆ. ಜೊತೆಗೆ ವಿಟಮಿನ್ ಸಿ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ಹಿಮೋಗ್ಲೋಬಿನ್ ಏರಿದ್ದರಲ್ಲಿ ವ್ಯತ್ಯಾಸವಿಲ್ಲ ಎಂದು 2020ರ ಒಂದು ಪ್ರಯೋಗದಲ್ಲಿ ಕಂಡಿದೆ.

ಎರಡು ವರ್ಷ ಮಾತ್ರೆ ತೆಗೆದುಕೊಂಡೂ ಹಿಮೋಗ್ಲೋಬಿನ್ ಏರದಿದ್ದರೆ ಕಾರಣ ಕಿತ್ತಳೆಯ ಕೊರತೆ ಇರಲಾರದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿರಬಹುದು. ಕರುಳಿನಲ್ಲಿ ಎಲ್ಲೋ ಸೋರುತ್ತಿರಬಹುದು. ಬಿ12 ಅಥವಾ ಫೋಲೇಟ್ ಕಡಿಮೆ ಇರಬಹುದು. ಥಲಸೀಮಿಯಾ ಎಂಬ, ವಂಶದಲ್ಲಿ ಬರುವ ರಕ್ತದ ತೊಂದರೆಯ ಲಕ್ಷಣ ಹುಟ್ಟಿನಿಂದಲೇ ಇರಬಹುದು. ಹಾಗಿದ್ದರೆ ಕಬ್ಬಿಣದ ಮಾತ್ರೆಯೇ ಬೇಡವಾಗಬಹುದು. ಮಾತ್ರೆ ದಿನಾ ತಪ್ಪದೆ ನುಂಗುತ್ತಿದ್ದೀರಾ, ಹೊಟ್ಟೆ ಕೆಡುತ್ತದೆ ಎಂದು ನಡುನಡುವೆ ಬಿಡುತ್ತಿದ್ದೀರಾ ಎಂಬುದನ್ನೂ ಡಾಕ್ಟರಿಗೆ ಹೇಳಿ. ಈ ವಾರವೇ ಹೋಗಿ, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವುದು), ಬಿ12 ಮತ್ತು ಪೂರ್ತಿ ರಕ್ತಕಣಗಳ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಹಿಂದಿನ ರಿಪೋರ್ಟ್‌ಗಳನ್ನು ಒಯ್ಯುವುದನ್ನು ಮರೆಯಬೇಡಿ.